ಅಂಗಡಿ ಫ್ರಿಜ್‌ನಲ್ಲಿ ಹಾಲು, ಹಿಟ್ಟು ಗಡ್ಡೆ ಕಟ್ಟುತ್ತಿದ್ದರೆ: ಥರ್ಮೋಸ್ಟಾಟ್ ಹೊಂದಿಸುವ ಕ್ರಮ

ಹಾಲಿನ ಪಾಕೆಟ್ಟಿನ ಮೂಲೆಯಲ್ಲಿ ಐಸ್ ಹರಳು, ಮೊಸರು ಒಡೆದು ಮೇಲೆ ನಿಂತ ನೀರು, ಹಿಂದಿನ ಸಾಲಿನಲ್ಲಿ ಸೀಳಿಹೋದ ಸೋಡಾ ಬಾಟಲಿ, ಬೆಳಿಗ್ಗೆ ಸೌಟು ಇಳಿಯದ ದೋಸೆ ಹಿಟ್ಟು. ಫ್ರಿಜ್ ಬೇಕಾದ್ದಕ್ಕಿಂತ ಜಾಸ್ತಿ ತಣ್ಣಗಾಗುತ್ತಿದೆ ಅನ್ನಲು ಇಷ್ಟು ಸಾಕು. ಇದಕ್ಕೆ ಹಲವರು ಕಂಡುಕೊಂಡಿರುವ ಉಪಾಯ ರಾತ್ರಿ ಸ್ವಿಚ್ ಆಫ್ ಮಾಡಿ ಬೆಳಿಗ್ಗೆ ಹಾಕುವುದು. ಅದು ಬೇಡ. ರಾತ್ರಿಯೆಲ್ಲ ಬಿಸಿಯಾಗಿ ಬೆಳಿಗ್ಗೆ ಮತ್ತೆ ತಣ್ಣಗಾದ ಹಾಲು, ಪನೀರು ನೋಡಲು ಚೆನ್ನಾಗಿಯೇ ಇರುತ್ತವೆ, ಕಾಯಿಸಿದಾಗ ಒಡೆಯುತ್ತವೆ.

ತಂಪು ಸಾಕಾದಾಗ ಕಂಪ್ರೆಸರನ್ನು ನಿಲ್ಲಿಸಿ, ಬೇಕಾದಾಗ ಎಬ್ಬಿಸುವ ಸ್ವಿಚ್ಚೇ ಥರ್ಮೋಸ್ಟಾಟ್. ಅದರ ಬಗ್ಗೆ ಮೊದಲು ತಿಳಿಯಬೇಕಾದ್ದು ಒಂದೇ. ನಿಮ್ಮ ಹಾಲು ಎಷ್ಟು ತಣ್ಣಗಿದೆ ಎಂದು ಅದಕ್ಕೆ ಗೊತ್ತಿಲ್ಲ. ಅದರ ಸೆನ್ಸರ್ ಎಲ್ಲಿ ಕೂತಿದೆಯೋ ಆ ಜಾಗದ ತಂಪು ಮಾತ್ರ ಗೊತ್ತು. ಆ ಜಾಗ ಯಾವುದೋ ಕಾರಣಕ್ಕೆ ಬೆಚ್ಚಗೆ ಉಳಿದರೆ ಮಿಕ್ಕ ಫ್ರಿಜ್ಜೆಲ್ಲ ಮಂಜುಗಡ್ಡೆಯಾದರೂ ಕಂಪ್ರೆಸರ್ ಓಡುತ್ತಲೇ ಇರುತ್ತದೆ. ಹಾಗಾಗಿ ನಾಬ್ ತಿರುಗಿಸುವುದು ಮೊದಲ ಕೆಲಸವಲ್ಲ, ಮೂರನೆಯದು. ಅಳೆಯುವುದು ಮೊದಲು, ಸೆನ್ಸರ್ ಇರುವ ಜಾಗ ನೋಡುವುದು ಆಮೇಲೆ.

ಮೊದಲು ಅಳತೆ

ಬಾಗಿಲು ತೆಗೆದು ಕೈ ಆಡಿಸಿ ನೋಡುವುದು ಅಳತೆಯಲ್ಲ. ಉದ್ದ ವೈರಿನ ಸಣ್ಣ ಡಿಜಿಟಲ್ ಥರ್ಮಾಮೀಟರ್ ಒಂದು ತನ್ನಿ. ಅದು ಸರಿಯಿದೆಯೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು: ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸಂದು ತುಂಬುವಷ್ಟೇ ನೀರು ಸುರಿದು ಕಲಕಿ, ವೈರಿನ ತುದಿಯನ್ನು ಮಧ್ಯದಲ್ಲಿ ಇಳಿಬಿಡಿ. ಎರಡು ಮೂರು ನಿಮಿಷದಲ್ಲಿ 0 ಡಿಗ್ರಿ ಬರಬೇಕು. 1 ಬಂದರೆ ಮುಂದಿನ ಎಲ್ಲ ಅಳತೆಯಲ್ಲೂ 1 ಕಳೆಯಿರಿ. ತುದಿ ಲೋಟದ ತಳಕ್ಕಾಗಲಿ ಗೋಡೆಗಾಗಲಿ ತಾಗಬಾರದು.

ಆಮೇಲೆ ಒಂದು ಲೋಟ ನೀರು ತುಂಬಿ ಫ್ರಿಜ್ಜಿನ ನಡು ಅಂತಸ್ತಿನ ನಡುವಿನಲ್ಲಿಟ್ಟು, ತುದಿಯನ್ನು ನೀರಿನಲ್ಲಿ ಮುಳುಗಿಸಿ. ಗಾಳಿಯ ತಾಪ ಬಾಗಿಲು ತೆಗೆದಾಗಲೆಲ್ಲ ಏರುತ್ತದೆ, ಕಂಪ್ರೆಸರ್ ಓಡಿದಾಗಲೆಲ್ಲ ಇಳಿಯುತ್ತದೆ. ನೀರು ನಿಧಾನ, ಪಾಕೆಟ್ಟಿನೊಳಗಿನ ಹಾಲಿನಷ್ಟೇ ನಿಧಾನ. ಕನಿಷ್ಠ 8 ಗಂಟೆ ಬಿಟ್ಟು ದಿನಕ್ಕೆ ಎರಡು ಸಲ ಬರೆದುಕೊಳ್ಳಿ. ಬೆಳಗಿನ ಜಾವ ಹಾಲಿನ ಗಾಡಿ ಬರುವ ಮುಂಚೆ, ಬಾಗಿಲು ತೆಗೆಯದೆ ನೋಡಿದ್ದು ದಿನದ ಅತಿ ಕಡಿಮೆ ಅಂಕಿ. ಮಧ್ಯಾಹ್ನ ಮೂರರ ಸುಮಾರಿಗೆ ನೋಡಿದ್ದು ಅತಿ ಹೆಚ್ಚು. ನಿಮ್ಮ ಗುರಿ ಈ ಎರಡು ಅಂಕಿಗಳ ನಡುವೆ ಇದೆ: ಬೆಳಗಿನ ಜಾವದ್ದು 1ಕ್ಕಿಂತ ಕೆಳಗೆ ಹೋಗಬಾರದು, ಮಧ್ಯಾಹ್ನದ್ದು 5 ದಾಟಬಾರದು. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ ತಣ್ಣಗಿಡಬೇಕಾದ ಆಹಾರಕ್ಕೆ ಇರುವ ಮಿತಿಯೂ 5 ಡಿಗ್ರಿಯೇ. ಹಾಲು ಗಟ್ಟಿಯಾಗುವುದು ಮೈನಸ್ ಅರ್ಧ ಡಿಗ್ರಿಯ ಆಸುಪಾಸಿನಲ್ಲಿ, ಅಂದರೆ ನಿಮಗೆ ಸಿಗುವ ಜಾಗ ಅಷ್ಟೇನೂ ದೊಡ್ಡದಲ್ಲ.

ಎರಡು ಅಂಕಿಗಳ ಅಂತರ 4 ಡಿಗ್ರಿಗಿಂತ ಜಾಸ್ತಿ ಬಂದರೆ ನಾಬ್ ತಿರುಗಿಸಿ ಪ್ರಯೋಜನವಿಲ್ಲ. ಬೆಳಿಗ್ಗೆ ಸರಿಮಾಡಿದರೆ ಮಧ್ಯಾಹ್ನ ಕೆಡುತ್ತದೆ. ಅಲ್ಲಿ ನೋಡಬೇಕಾದ್ದು ಬಾಗಿಲಿನ ರಬ್ಬರ್ ಗ್ಯಾಸ್ಕೆಟ್, ಒಮ್ಮೆಗೇ ತುರುಕುವ ಬಿಸಿ ಮಾಲು, ಫ್ಯಾನ್. ಗ್ಯಾಸ್ಕೆಟ್ ಪರೀಕ್ಷೆಗೆ ಹತ್ತು ರೂಪಾಯಿ ನೋಟು ಸಾಕು. ನೋಟನ್ನು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ, ಬಿಗಿಯಾಗಿ ಬರಬೇಕು. ನಾಲ್ಕು ಬದಿಯಲ್ಲೂ, ಹಿಂಜಿನ ಕಡೆಯೂ ನೋಡಿ.

ಎಲ್ಲ ಕಡೆ ಗಡ್ಡೆಯೋ, ಒಂದೇ ಮೂಲೆಯೋ?

ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಅದಕ್ಕೆ ಒಂದೇ ಅಳತೆಯ ಮೂರು ಲೋಟ ನೀರನ್ನು ಮೇಲೆ, ನಡುವೆ, ಕೆಳಗೆ ಇಟ್ಟು ಬೆಳಿಗ್ಗೆ ನೋಡಿ. ಮೂರೂ 0ಯ ಹತ್ತಿರ ಇದ್ದರೆ ಥರ್ಮೋಸ್ಟಾಟ್ ಕಡೆ ಹೋಗಿ. ಒಂದು ಮಾತ್ರ ಗಡ್ಡೆ ಕಟ್ಟಿ ಉಳಿದೆರಡು 4, 5 ಇದ್ದರೆ ತೊಂದರೆ ಗಾಳಿ ಓಡಾಟದ್ದು.

ಗಾಜಿನ ಬಾಗಿಲಿನ ವಿಸಿ ಕೂಲರ್‌ನಲ್ಲಿ ಸಾಮಾನ್ಯವಾಗಿ ಫ್ಯಾನ್ ತಣ್ಣನೆ ಗಾಳಿಯನ್ನು ಹಿಂಗೋಡೆಯ ಉದ್ದಕ್ಕೂ ಕೆಳಗೆ ದಬ್ಬುತ್ತದೆ, ಗಾಳಿ ಮುಂದಿನಿಂದ ಮೇಲೇರಿ ಮತ್ತೆ ಕಾಯಿಲ್‌ಗೆ, ಅಂದರೆ ಗಾಳಿಯನ್ನು ತಣ್ಣಗಾಗಿಸುವ ಕೊಳವೆ ಸುರುಳಿಗೆ ಹೋಗುತ್ತದೆ. ಡಿಜಿಟಲ್ ಕಂಟ್ರೋಲರ್ ಇದ್ದರೆ ಒಳಗೆ ಹೋಗುವ ಆ ಗಾಳಿಯ ದಾರಿಯಲ್ಲೇ ಸೆನ್ಸರ್ ಇರುತ್ತದೆ, ನಾಬಿನದ್ದರಲ್ಲಿ ಕಾಯಿಲ್ ಮೇಲೆ. ಹೊರಬರುವ ಗಾಳಿ ಸೆನ್ಸರ್ ಕಾಣುವ ಗಾಳಿಗಿಂತ ಸಲೀಸಾಗಿ 4ರಿಂದ 6 ಡಿಗ್ರಿ ಕಡಿಮೆ. ಅಂತಸ್ತಿನ ಮೇಲೆ ರಟ್ಟು, ಪೇಪರ್ ಹಾಸಿದರೆ, ಕ್ರೇಟ್‌ಗಳನ್ನು ಹಿಂಗೋಡೆಗೆ ಒತ್ತಿ ಜೋಡಿಸಿದರೆ ತಂಪು ಹಿಂದೆಯೇ ನಿಲ್ಲುತ್ತದೆ, ಮುಂದಿನ ಗಾಳಿ ಬೆಚ್ಚಗೆ ಉಳಿಯುತ್ತದೆ, ಸೆನ್ಸರ್ ಇನ್ನೂ ಓಡು ಎನ್ನುತ್ತದೆ. ಹಿಂದಿನ ಸಾಲಿನ ಬಾಟಲಿ ಒಡೆಯುವುದು ಹೀಗೆ. ನೀರು ಗಟ್ಟಿಯಾದಾಗ ಶೇ 9ರಷ್ಟು ಹಿಗ್ಗುತ್ತದೆ, ಗಾಜು ಅದನ್ನು ತಡೆಯುವುದಿಲ್ಲ. ಹಿಂಗೋಡೆಯಿಂದ ಎರಡು ಇಂಚು, ಫ್ಯಾನ್ ಮುಂದೆ ಕನಿಷ್ಠ ನಾಲ್ಕು ಇಂಚು ಖಾಲಿ ಬಿಡಿ. ರಟ್ಟು ತೆಗೆಯಿರಿ. ಫ್ಯಾನ್ ತಿರುಗುತ್ತಿದೆಯೇ ಎಂದು ಕಿವಿಗೊಟ್ಟು ಕೇಳಿ. ಕೆಲವು ಮಾದರಿಯಲ್ಲಿ ಬಾಗಿಲು ತೆಗೆದಾಗ ಫ್ಯಾನ್ ನಿಲ್ಲುತ್ತದೆ, ಆಗ ಬಾಗಿಲಿನ ಸ್ವಿಚ್ಚನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು.

ಮೇಲೆ ಮುಚ್ಚಳವಿರುವ ಪೆಟ್ಟಿಗೆ ಫ್ರಿಜ್ಜಿನದು ಬೇರೆ ಕಥೆ. ಅಲ್ಲಿ ಒಳಗೋಡೆಯೇ ಕಾಯಿಲ್. ಗೋಡೆಗೆ ಅಂಟಿದ ಪಾಕೆಟ್ ಗಟ್ಟಿಯಾಗಿ, ನಡುವಿನದು ಸರಿಯಾಗಿರುವುದು ಅದರ ಸ್ವಭಾವ. ವೈರ್ ಬುಟ್ಟಿ ಇಟ್ಟು ಗೋಡೆಯಿಂದ ದೂರ ಇಡುವುದೇ ಪರಿಹಾರ. ಫ್ರೀಜರ್ ಆಗಿಯೂ ಕೂಲರ್ ಆಗಿಯೂ ಬಳಸಬಹುದಾದ ಪೆಟ್ಟಿಗೆಗಳಲ್ಲಿ ಕೆಳಗಡೆ ಒಂದು ಬದಲಾವಣೆ ಸ್ವಿಚ್ ಇರುತ್ತದೆ. ಕಸ ಗುಡಿಸುವಾಗ ಕಾಲು ತಾಗಿ ಅದು ಫ್ರೀಜರ್ ಕಡೆ ಹೋಗಿರುವುದುಂಟು. ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುಂಚೆ ಅದನ್ನು ನೋಡಿಬಿಡಿ.

ನಾಬ್ ಇರುವ ಫ್ರಿಜ್

ನಾಬಿನ ಮೇಲಿನ 1ರಿಂದ 7 ಡಿಗ್ರಿಯಲ್ಲ. 7 ಅಂದರೆ ಅತಿ ತಣ್ಣಗೆ, 1 ಅಂದರೆ ಕಡಿಮೆ ತಂಪು, 0 ಅಂದರೆ ಆಫ್. ಜಾಸ್ತಿ ತಣ್ಣಗಾಗುತ್ತಿದ್ದರೆ ಅಂಕಿ ಇಳಿಸಬೇಕು. ಡಿಗ್ರಿ ಎಂದುಕೊಂಡು 2ರಿಂದ 5ಕ್ಕೆ ಏರಿಸಿ, ಇನ್ನೂ ಗಡ್ಡೆ ಕಟ್ಟುತ್ತಿದೆ ಎಂದು ದೂರುವವರು ಕಡಿಮೆಯಿಲ್ಲ.

ಈಗಿರುವ ಜಾಗಕ್ಕೆ ಮಾರ್ಕರ್‌ನಲ್ಲಿ ಗೆರೆ ಹಾಕಿ. ಅರ್ಧ ಅಂಕಿ ಇಳಿಸಿ, ಅದಕ್ಕಿಂತ ಹೆಚ್ಚು ಬೇಡ. 24 ಗಂಟೆ ಮುಟ್ಟಬೇಡಿ. ಎರಡು ಹೊತ್ತಿನ ಅಳತೆ ಬರೆಯಿರಿ, ಬೇಕಿದ್ದರೆ ಇನ್ನರ್ಧ. ಗಂಟೆಗೊಮ್ಮೆ ತಿರುಗಿಸಿದರೆ ಯಾವ ಬದಲಾವಣೆಗೆ ಯಾವ ಫಲ ಎಂಬುದು ತಿಳಿಯುವುದೇ ಇಲ್ಲ. ನೂರು ಲೀಟರ್ ಹಾಲು ತನ್ನ ತಾಪ ಬದಲಿಸಲು ಒಂದು ರಾತ್ರಿಯಾದರೂ ಬೇಕು. ನಾಬನ್ನು ಆಫ್ ತನಕ ತಿರುಗಿಸಿದ್ದರೆ ಮತ್ತೆ ಆನ್ ಮಾಡುವ ಮುಂಚೆ 5 ನಿಮಿಷ ಬಿಡಿ. ಗ್ಯಾಸಿನ ಒತ್ತಡ ಎರಡೂ ಕಡೆ ಸಮವಾಗದೆ ಕಂಪ್ರೆಸರ್ ಎದ್ದರೆ ಗುಂಯ್ ಎಂದು ಟ್ರಿಪ್ ಆಗುತ್ತದೆ. ಪದೇ ಪದೇ ಹೀಗಾದರೆ ವೈಂಡಿಂಗ್ ಸುಡುತ್ತದೆ.

ಏಪ್ರಿಲ್‌ನಲ್ಲಿ ಸರಿಯಾಗಿದ್ದ 5 ಡಿಸೆಂಬರ್‌ನಲ್ಲಿ ಯಾಕೆ ಗಡ್ಡೆ ಕಟ್ಟಿಸುತ್ತದೆ? ನಾಬಿನ ಥರ್ಮೋಸ್ಟಾಟ್ ಹಿಡಿದಿಡುವುದು ಕಾಯಿಲ್‌ನ ತಾಪವನ್ನು, ಗಾಳಿಯದ್ದನ್ನಲ್ಲ. ಬೇಸಿಗೆಯಲ್ಲಿ ಹೊರಗಿನ ಶಾಖ ಗೋಡೆ ತೂರಿ ಬರುತ್ತದೆ, ತಣ್ಣನೆ ಬಾಟಲಿಗೆ ಗಿರಾಕಿ ನುಗ್ಗಿ ಬಾಗಿಲು ತೆರೆಯುತ್ತಲೇ ಇರುತ್ತದೆ, ಹಾಗಾಗಿ ಗಾಳಿ ಕಾಯಿಲ್‌ಗಿಂತ ಬಹಳ ಬೆಚ್ಚಗೆ ನಿಲ್ಲುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಮಾಗಿ ಚಳಿಯಲ್ಲಿ ಆ ಶಾಖವೂ ಇಲ್ಲ, ಕೂಲ್‌ಡ್ರಿಂಕ್ಸ್ ಕೇಳುವವರೂ ಇಲ್ಲ. ಕಾಯಿಲ್ ಅಷ್ಟೇ ತಣ್ಣಗಿದ್ದರೂ ಗಾಳಿ ಅದರ ಹತ್ತಿರಕ್ಕೆ ಇಳಿಯುತ್ತದೆ. ಆದ್ದರಿಂದ ದೀಪಾವಳಿ ಕಳೆದ ಮೇಲೆ ಒಂದು ಅಂಕಿ ಇಳಿಸಿ, ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋದ ಮೇಲೆ ಏರಿಸುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಇನ್ನೊಂದು ಕಾರಣವೂ ಇದೆ, ಮೆಕ್ಯಾನಿಕ್‌ಗಳೂ ಅಷ್ಟಾಗಿ ಹೇಳದ್ದು. ನಾಬಿನ ಥರ್ಮೋಸ್ಟಾಟ್ ಒಳಗೆ ಒಂದು ಸಣ್ಣ ತಿದಿ ಇದೆ. ಕಾಯಿಲ್‌ನ ತಾಪ ಹಿಡಿಯುವ ತೆಳ್ಳನೆ ಕ್ಯಾಪಿಲರಿ ನಳಿಗೆಯ ಗ್ಯಾಸ್ ಅದನ್ನು ಒಂದು ಕಡೆಯಿಂದ ಉಬ್ಬಿಸುತ್ತದೆ, ಸ್ಪ್ರಿಂಗ್ ಮತ್ತು ಹೊರಗಿನ ವಾತಾವರಣದ ಒತ್ತಡ ಇನ್ನೊಂದು ಕಡೆಯಿಂದ ಅದುಮುತ್ತವೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿವೆ, ಚಿಕ್ಕಬಳ್ಳಾಪುರ 900ರ ಆಸುಪಾಸು. ಇಲ್ಲಿ ಗಾಳಿಯ ಒತ್ತಡ ಕಡಲತೀರಕ್ಕಿಂತ ಶೇ 9ರಿಂದ 10 ಕಡಿಮೆ. ಅದುಮುವ ಬಲ ಕಡಿಮೆಯಾದ್ದರಿಂದ ತಿದಿ ಕುಗ್ಗಿ ಕರೆಂಟ್ ಕಡಿಯಬೇಕಾದರೆ ಒಳಗಿನ ಗ್ಯಾಸ್ ಇನ್ನಷ್ಟು ತಣ್ಣಗಾಗಬೇಕು. ಸಮುದ್ರಮಟ್ಟಕ್ಕೆ ಹೊಂದಿಸಿದ ಥರ್ಮೋಸ್ಟಾಟ್ ಇಲ್ಲಿ ಒಂದೆರಡು ಡಿಗ್ರಿ ಹೆಚ್ಚು ತಣ್ಣಗೆ ನಿಲ್ಲುವುದು ಇದರಿಂದಲೇ. ಚೆನ್ನೈಯಲ್ಲಿ ಬಳಸಿದ ಹಳೇ ಕೂಲರನ್ನು ತಂದು ಅದೇ 4ರಲ್ಲಿ ಬಿಟ್ಟರೆ ಇಲ್ಲಿ ಅದು 4 ಆಗಿ ಉಳಿಯುವುದಿಲ್ಲ. ಡಿಜಿಟಲ್ ಕಂಟ್ರೋಲರ್‌ಗೆ ಈ ಬಾಧೆಯಿಲ್ಲ.

1ಕ್ಕೆ ಇಳಿಸಿದರೂ ಗಡ್ಡೆ ಕಟ್ಟುವುದು ನಿಲ್ಲದಿದ್ದರೆ ನಾಬಿನ ಮುಚ್ಚಳ ಎಳೆದು ನೋಡಿ. ಒಳಗಿನ ಕಡ್ಡಿ ಒಂದು ಬದಿ ಚಪ್ಪಟೆಯಾಗಿರುತ್ತದೆ. ಪ್ಲಾಸ್ಟಿಕ್ ಸವೆದು ನಾಬ್ ಮಾತ್ರ ತಿರುಗಿ ಕಡ್ಡಿ ನಿಂತಲ್ಲೇ ನಿಂತಿರಬಹುದು. ಇಕ್ಕಳದಿಂದ ಕಡ್ಡಿಯನ್ನೇ ಮೆಲ್ಲಗೆ ತಿರುಗಿಸಿ, ಆಫ್ ಜಾಗದಲ್ಲಿ ಟಕ್ ಎನ್ನಬೇಕು. ಟಕ್ ಎಂದರೂ ಕಂಪ್ರೆಸರ್ ನಿಲ್ಲದಿದ್ದರೆ ಒಳಗಿನ ಸ್ವಿಚ್ಚಿನ ಕಾಂಟ್ಯಾಕ್ಟ್ ಬೆಸೆದುಕೊಂಡಿದೆ, ಇಲ್ಲವೇ ಯಾರೋ ಥರ್ಮೋಸ್ಟಾಟನ್ನು ಬೈಪಾಸ್ ಮಾಡಿ ಎರಡು ವೈರ್ ಒಟ್ಟಿಗೆ ಸುತ್ತಿದ್ದಾರೆ. ಬೇಸಿಗೆಯ ನಡುವೆ ಥರ್ಮೋಸ್ಟಾಟ್ ಸಿಗದಾಗ ಹೀಗೆ ಡೈರೆಕ್ಟ್ ಕೊಟ್ಟು ಹೋಗಿ, ಮತ್ತೆ ಬಾರದಿರುವುದು ಹೊಸದೇನಲ್ಲ.

ಕ್ಯಾಪಿಲರಿಯ ತುದಿ

ಥರ್ಮೋಸ್ಟಾಟಿನಿಂದ ಹೊರಟ ತೆಳ್ಳನೆ ತಾಮ್ರದ ನಳಿಗೆಯೇ ಕ್ಯಾಪಿಲರಿ. ಅದರ ಕೊನೆಯ 15 ಸೆಂ.ಮೀ. ಕಾಯಿಲ್‌ಗೆ ಕ್ಲಿಪ್ಪಿನಿಂದ ಅಂಟಿರಬೇಕು, ಇಲ್ಲವೇ ಅದಕ್ಕೆಂದೇ ಇಟ್ಟ ಕೊಳವೆಯ ಒಳಗೆ ತುದಿಮುಟ್ಟ ಹೋಗಿರಬೇಕು. ಐಸ್ ಕೆರೆಯುವಾಗಲೋ ಲೈಟ್ ಬದಲಿಸುವಾಗಲೋ ಅದು ಹೊರಬಂದು ಗಾಳಿಯಲ್ಲಿ ನೇತಾಡಿದರೆ ಕಾಯಿಲ್ ಮೈನಸ್‌ಗೆ ಇಳಿದದ್ದು ಅದಕ್ಕೆ ತಿಳಿಯುವುದಿಲ್ಲ. ಅತಿ ತಂಪಿನ ದೂರುಗಳಲ್ಲಿ ನಾಬಿಗಿಂತ ಮೊದಲು ಸಂಶಯ ಪಡಬೇಕಾದ್ದು ಇದರ ಮೇಲೆ.

ಪ್ಲಗ್ ಕಿತ್ತು, ಕವರ್ ಬಿಚ್ಚಿ, ತುದಿಯನ್ನು ಹಳೆಯ ಜಾಗಕ್ಕೇ ಸೇರಿಸಿ. ಕಾಯಿಲ್ ಮೇಲೆ ಕ್ಲಿಪ್ಪಿನ ಗುರುತು ಕಾಣುತ್ತದೆ. ಕೊಳವೆಯಾದರೆ ತುದಿ ತಳ ಮುಟ್ಟುವ ತನಕ ದೂಡಿ, ಹೊರಬಾಯಿಯನ್ನು ಮೆತ್ತಗಿನ ಸೀಲೆಂಟ್‌ನಿಂದ ಮುಚ್ಚಿ, ನೀರು ಇಳಿಯಬಾರದು. ಮಡಿಕೆ ಬೀಳದಂತೆ ದೊಡ್ಡ ಸುತ್ತಿನಲ್ಲಿ ಬಗ್ಗಿಸಿ. ನಳಿಗೆ ಮುರಿದರೆ ಗ್ಯಾಸ್ ಹೋಗಿ ತಿದಿ ಕುಗ್ಗುತ್ತದೆ, ಕಂಪ್ರೆಸರ್ ಮತ್ತೆ ಏಳುವುದೇ ಇಲ್ಲ. ಹಾಗಾಗಿ ಅತಿ ತಂಪಿನ ಫ್ರಿಜ್ಜನ್ನು ನೋಡಿ "ಥರ್ಮೋಸ್ಟಾಟ್ ಗ್ಯಾಸ್ ಲೀಕ್" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಉಲ್ಟಾ ರೋಗ.

ಬಿಚ್ಚಿದ ಥರ್ಮೋಸ್ಟಾಟ್ ಪರೀಕ್ಷೆಗೆ ಮೂರು ಪಾಲು ಐಸ್ ಪುಡಿಗೆ ಒಂದು ಪಾಲು ಉಪ್ಪು ಕಲಸಿ. ಅದು ಮೈನಸ್ 15ರ ತನಕ ಸುಲಭವಾಗಿ ಇಳಿಯುತ್ತದೆ. ನಾಬ್ 1ರಲ್ಲಿಟ್ಟು, ಬೀಪ್‌ಗೆ ಇಟ್ಟ ಮಲ್ಟಿಮೀಟರನ್ನು ಎರಡು ಟರ್ಮಿನಲ್‌ಗೆ ಹಿಡಿಯಿರಿ. ಹೊರಗಿನ ಬಿಸಿಗೆ ಬೀಪ್ ಬರಬೇಕು, ತುದಿಯನ್ನು ಐಸಿನಲ್ಲಿ ಹೂತ ಸ್ವಲ್ಪ ಹೊತ್ತಿಗೆ ಬೀಪ್ ನಿಲ್ಲಬೇಕು. ನಿಲ್ಲದಿದ್ದರೆ ಹೊಸದು ಹಾಕಿ.

ಹೊಸದು ಕೊಳ್ಳುವಾಗ "ಫ್ರಿಜ್ ಥರ್ಮೋಸ್ಟಾಟ್ ಕೊಡಿ" ಎಂದಷ್ಟೇ ಹೇಳಿದರೆ ಅಂಗಡಿಯವರು ಕೈಗೆ ಸಿಕ್ಕಿದ್ದು ಕೊಡುತ್ತಾರೆ. ಹಳೆಯದನ್ನೇ ಒಯ್ದು ಮೈಮೇಲಿನ ನಂಬರ್ ತೋರಿಸಿ. ವಿಸಿ ಕೂಲರ್ ಹಲವುದರಲ್ಲಿ ಇರುವುದು ಪ್ರತಿ ಸಲವೂ ಕಾಯಿಲ್ 0 ದಾಟಿ ಮೂರು ನಾಲ್ಕು ಡಿಗ್ರಿ ಬೆಚ್ಚಗಾದ ಮೇಲೆಯೇ ಕಂಪ್ರೆಸರ್ ಎಬ್ಬಿಸುವ ಬಗೆ. ನಾಬ್ ಎಲ್ಲೇ ಇದ್ದರೂ ಏಳುವ ತಾಪ ಬದಲಾಗದು, ನಿಲ್ಲುವ ತಾಪ ಮಾತ್ರ ಬದಲಾಗುತ್ತದೆ. ಇದರಿಂದ ಕಾಯಿಲ್ ಮೇಲಿನ ಹಿಮ ಪ್ರತಿ ಸುತ್ತಿನಲ್ಲೂ ಕರಗುತ್ತದೆ. ಅದರ ಬದಲು ಡೀಪ್ ಫ್ರೀಜರಿನದ್ದನ್ನು ಜೋಡಿಸಿದರೆ ಕಾಯಿಲ್ 0 ದಾಟುವುದೇ ಇಲ್ಲ. ಮೊದಲ ವಾರ ಎಲ್ಲವೂ ಗಡ್ಡೆ, ಎರಡನೇ ವಾರ ಕಾಯಿಲ್ ಪೂರ್ತಿ ಐಸ್ ಹಿಡಿದು ಗಾಳಿ ನಿಂತು "ಕೂಲಿಂಗೇ ಇಲ್ಲ" ಎಂಬ ದೂರು. ಒಂದೇ ತಪ್ಪಿನ ಎರಡು ಮುಖ ಅವು.

ಡಿಜಿಟಲ್ ಕಂಟ್ರೋಲರ್

ಸ್ಟೀಲಿನ ನಾಲ್ಕು ಬಾಗಿಲ ಫ್ರಿಜ್, ಅಂಡರ್ ಕೌಂಟರ್, ಹೊಸ ಕೂಲರುಗಳಲ್ಲಿ ಅಂಕಿ ತೋರಿಸುವ ಕಂಟ್ರೋಲರ್ ಇರುತ್ತದೆ. ಇದರಲ್ಲಿ ಅರ್ಥ ಮಾಡಿಕೊಳ್ಳಬೇಕಾದ್ದು ಎರಡು ಅಂಕಿ: ಸೆಟ್ ಪಾಯಿಂಟ್ ಮತ್ತು ಡಿಫರೆನ್ಷಿಯಲ್. ಸೆಟ್ 2.5, ಡಿಫರೆನ್ಷಿಯಲ್ 2 ಇದ್ದರೆ ಕಂಪ್ರೆಸರ್ 2.5ಕ್ಕೆ ನಿಲ್ಲುತ್ತದೆ, 4.5ಕ್ಕೆ ಏಳುತ್ತದೆ, ಹಾಲು ಮೂರೂವರೆ ಡಿಗ್ರಿಯ ಸುತ್ತ ನಿಲ್ಲುತ್ತದೆ. ಹಾಲು, ಮೊಸರು, ಪನೀರಿಗೆ ಇದು ಒಳ್ಳೆಯ ಆರಂಭ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲುಗಳಂತೆ ಹಿಟ್ಟನ್ನೇ ಹೆಚ್ಚಾಗಿ ಇಡುವಲ್ಲಿ ಸೆಟ್ 3 ಸಾಕು. ಹಿಟ್ಟು 0 ಮುಟ್ಟಿದರೆ ಬೆಳಿಗ್ಗೆ ಮತ್ತೆ ಉಬ್ಬಲು ಸತಾಯಿಸುತ್ತದೆ.

ಸೆಟ್ 0 ಇಟ್ಟರೆ ಬೇಗ ತಣ್ಣಗಾಗುತ್ತದೆ ಎಂಬುದು ತಪ್ಪು ಲೆಕ್ಕ. ಕಂಪ್ರೆಸರ್ ಓಡುವ ವೇಗ ಅದೇ, ನಿಲ್ಲುವುದು ತಡ, ಅಷ್ಟೇ. ಸೆನ್ಸರ್ ಬಳಿ 0 ಬರುವ ಹೊತ್ತಿಗೆ ಫ್ಯಾನಿನಿಂದ ಹೊರಡುವ ಗಾಳಿ ಮೈನಸ್ 4, 5ಕ್ಕೆ ಇಳಿದು ಎದುರಿಗಿದ್ದದ್ದೆಲ್ಲ ಗಟ್ಟಿಯಾಗಿರುತ್ತದೆ. ಡಿಫರೆನ್ಷಿಯಲ್‌ಅನ್ನು ಅರ್ಧ ಡಿಗ್ರಿಗೆ ಇಳಿಸುವುದೂ ಬೇಡ, ಕಂಪ್ರೆಸರ್ ಎದ್ದು ಬಿದ್ದು ಬೇಗ ಹಾಳಾಗುತ್ತದೆ.

ಬಿಡಿಯಾಗಿ ಸಿಗುವ ಎಸ್‌ಟಿಸಿ-1000 ಕಂಟ್ರೋಲರಿನಲ್ಲಿ ಎಸ್ ಗುಂಡಿಯನ್ನು 3 ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿದರೆ ಎಫ್1 ಬರುತ್ತದೆ. ಎಫ್1 ಸೆಟ್ ಪಾಯಿಂಟ್, ಎಫ್2 ಡಿಫರೆನ್ಷಿಯಲ್, ಎಫ್3 ಕಂಪ್ರೆಸರ್ ತಡ ನಿಮಿಷದಲ್ಲಿ, ಎಫ್4 ಸೆನ್ಸರ್ ತಿದ್ದುಪಡಿ. ಬಾಣದ ಗುಂಡಿಯಿಂದ ಬೇಕಾದ್ದಕ್ಕೆ ಹೋಗಿ, ಎಸ್ ಒತ್ತಿ ಹಿಡಿದೇ ಬಾಣದಿಂದ ಅಂಕಿ ಬದಲಿಸಿ, ಕೊನೆಗೆ ಪವರ್ ಗುಂಡಿ ಒಂದು ಸಲ ಒತ್ತಿದರೆ ಉಳಿಯುತ್ತದೆ. ಎಫ್2 ಕಾರ್ಖಾನೆಯಿಂದ ಅರ್ಧ ಡಿಗ್ರಿಯಲ್ಲಿ ಬರುತ್ತದೆ, 2ಕ್ಕೆ ಏರಿಸಿ. ಎಫ್3 5 ಇರಲಿ. ಡಿಕ್ಸೆಲ್, ಎಲಿವೆಲ್ ಕಂಪನಿಗಳ ಕಂಟ್ರೋಲರುಗಳಲ್ಲಿ ಗುಂಡಿ ಬೇರೆ, ಆದರೆ ಅವುಗಳಲ್ಲಿ ಇನ್ನೊಂದು ಅನುಕೂಲವಿದೆ: ಸೆಟ್ ಪಾಯಿಂಟ್ ಇದಕ್ಕಿಂತ ಕೆಳಗೆ ಹೋಗಕೂಡದು ಎಂಬ ಮಿತಿ. ಅದನ್ನು 2ಕ್ಕೆ ಕಟ್ಟಿಟ್ಟರೆ ಸೆಕೆಯ ದಿನ ಹುಡುಗರು 0 ಮಾಡುವ ಕಾಟ ತಪ್ಪುತ್ತದೆ.

ಪರದೆಯ ಮೇಲೆ 6 ಇದೆ, ನೀರಿನ ಲೋಟದಲ್ಲಿ 0 ಇದೆ ಅಂದರೆ ಸೆನ್ಸರ್ ಸುಳ್ಳು ಹೇಳುತ್ತಿದೆ ಅಥವಾ ತಪ್ಪು ಜಾಗದಲ್ಲಿದೆ. ಕ್ಲಿಪ್ ಮುರಿದು ಬಾಗಿಲಿನ ಕಡೆಗೋ ಫ್ಯಾನ್ ಮೋಟಾರಿನ ಬೆನ್ನಿಗೋ ಬಿದ್ದಿದ್ದರೆ ಎತ್ತಿ ಮೊದಲಿದ್ದಲ್ಲಿ ಕಟ್ಟಿ. ಜಾಗ ಸರಿಯಿದ್ದರೆ ತುದಿಯನ್ನು ಐಸ್ ನೀರಿನ ಲೋಟಕ್ಕೆ ಹಾಕಿ. 1 ಅಥವಾ 1.5 ತೋರಿಸಿದರೆ ತಿದ್ದುಪಡಿಯಲ್ಲಿ ಅಷ್ಟೇ ಮೈನಸ್ ಕೊಡಿ. 3ಕ್ಕಿಂತ ಜಾಸ್ತಿ ತಪ್ಪಿದ್ದರೆ ತಿದ್ದುವುದು ವ್ಯರ್ಥ, ಸೆನ್ಸರ್ ಬದಲಿಸಿ. ಅದರೊಳಗೆ ನೀರು ಇಳಿದಿದೆ, ಮುಂದಿನ ತಿಂಗಳು ಇನ್ನಷ್ಟು ಹಾರುತ್ತದೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಎನ್‌ಟಿಸಿ 10ಕೆ ಸೆನ್ಸರ್‌ನ ರೆಸಿಸ್ಟೆನ್ಸ್ ತಣ್ಣಗಾದಂತೆ ಏರುತ್ತದೆ: 25 ಡಿಗ್ರಿಯಲ್ಲಿ 10 ಕಿಲೊ ಓಮ್, 0ಯಲ್ಲಿ ಸುಮಾರು 27 ಕಿಲೊ ಓಮ್. ನೀರು ಹೊಕ್ಕಾಗ ರೆಸಿಸ್ಟೆನ್ಸ್ ಇಳಿಯುತ್ತದೆ, ಕಂಟ್ರೋಲರ್ ಅದನ್ನು ಬಿಸಿ ಎಂದು ಓದಿ ಓಡಿಸುತ್ತಲೇ ಇರುತ್ತದೆ. ವೈರಿನ ಜಾಯಿಂಟ್ ತುಕ್ಕು ಹಿಡಿದರೆ ಪರಿಣಾಮ ವಿರುದ್ಧ, ಫ್ರಿಜ್ ಬೇಗ ನಿಲ್ಲುತ್ತದೆ. ಮೀಟರ್ ಹಿಡಿದಾಗ 25 ಡಿಗ್ರಿಗೆ 1 ಕಿಲೊ ಓಮಿನ ಹತ್ತಿರ ಬಂದರೆ ಅದು ಬಿಸಿಯಾದಂತೆ ರೆಸಿಸ್ಟೆನ್ಸ್ ಏರುವ ಪಿಟಿಸಿ, ಎನ್‌ಟಿಸಿ ತಂದು ಜೋಡಿಸಬೇಡಿ.

ಡಿಕ್ಸೆಲ್‌ನಲ್ಲಿ ಪಿ1, ಎಲಿವೆಲ್‌ನಲ್ಲಿ ಇ1 ಎಂದು ಬಂದರೆ ಸೆನ್ಸರ್ ಸತ್ತಿದೆ. ಆಗ ಕಂಟ್ರೋಲರ್ ತಾಪ ನೋಡದೆ, ಇಷ್ಟು ನಿಮಿಷ ಓಡು ಇಷ್ಟು ನಿಮಿಷ ನಿಲ್ಲು ಎಂಬ ಗಡಿಯಾರದ ಲೆಕ್ಕದಲ್ಲಿ ನಡೆಸುತ್ತದೆ. ಚಳಿಗಾಲದಲ್ಲಿ ಆ ಲೆಕ್ಕ ಅತಿಯಾಗುತ್ತದೆ. ಫ್ರಿಜ್ ಓಡುತ್ತಿದೆಯಲ್ಲ ಎಂದು ತಿಂಗಳುಗಟ್ಟಲೆ ಬಿಡಬೇಡಿ.

ಕಂಪ್ರೆಸರ್ ದೀಪ ಆರಿದೆ, ಕಂಪ್ರೆಸರ್ ಮಾತ್ರ ಓಡುತ್ತಿದೆ ಅಂದರೆ ಕಂಟ್ರೋಲರ್ ಒಳಗಿನ ಸ್ವಿಚ್ಚು, ಅಂದರೆ ರಿಲೇ, ಅಂಟಿಕೊಂಡಿದೆ. 10 ಆಂಪಿಯರ್‌ನ ಸಣ್ಣ ರಿಲೇಗೆ ದೊಡ್ಡ ಕಂಪ್ರೆಸರನ್ನು ನೇರ ಕೊಟ್ಟರೆ ಏಳುವಾಗಿನ ಐದಾರು ಪಟ್ಟು ಕರೆಂಟಿಗೆ, ಅದರಲ್ಲೂ ವೋಲ್ಟೇಜ್ ಕುಸಿದ ಸಂಜೆಗಳಲ್ಲಿ, ಕಾಂಟ್ಯಾಕ್ಟ್ ಬೆಸೆಯುತ್ತದೆ. ಅರ್ಧ ಎಚ್‌ಪಿ ದಾಟಿದ ಕಂಪ್ರೆಸರ್‌ಗೆ ನಡುವೆ ಒಂದು ಕಾಂಟ್ಯಾಕ್ಟರ್, ಅಂದರೆ ದೊಡ್ಡ ಕರೆಂಟ್ ತಡೆಯುವ ಸ್ವಿಚ್ಚು ಹಾಕಿಸಿ.

ಹೂವಿನ ಕೋಲ್ಡ್ ರೂಮ್

ಚಿಕ್ಕಬಳ್ಳಾಪುರದ ಕಡೆ ಗುಲಾಬಿ ಇಡುವ ಸಣ್ಣ ಕೋಲ್ಡ್ ರೂಮುಗಳಲ್ಲಿ ಡ್ಯಾನ್‌ಫಾಸ್ ಕೆಪಿ 61ರಂಥ, ತಲೆಯ ಮೇಲೆ ಎರಡು ಸ್ಕ್ರೂ ಇರುವ ಥರ್ಮೋಸ್ಟಾಟ್ ಇದ್ದರೆ ಲೆಕ್ಕ ಸ್ವಲ್ಪ ತಿರುಗುಮುರುಗು. ದೊಡ್ಡ ಸ್ಕೇಲಿನಲ್ಲಿ ಇಡುವುದು ಏಳುವ ತಾಪ, ಡಿಫ್ ಸ್ಕೇಲಿನಲ್ಲಿ ಇಡುವುದು ಅಲ್ಲಿಂದ ಎಷ್ಟು ಇಳಿಯಬೇಕು ಎಂಬುದು. 5 ಮತ್ತು 3 ಇಟ್ಟರೆ 5ಕ್ಕೆ ಎದ್ದು 2ಕ್ಕೆ ನಿಲ್ಲುತ್ತದೆ. ದೊಡ್ಡ ಸ್ಕೇಲಿನದ್ದನ್ನೇ ನಿಲ್ಲುವ ತಾಪ ಎಂದುಕೊಂಡು 2 ಇಟ್ಟರೆ ಕೋಣೆ ನೆನೆಸಿದ್ದಕ್ಕಿಂತ ಮೂರು ಡಿಗ್ರಿ ಕೆಳಗೆ, ಮೈನಸ್ 1ಕ್ಕೆ ಹೋಗಿ ಹೂವಿನ ಎಸಳು ಗಾಜಾಗುತ್ತದೆ. ಸ್ಕೇಲಿನ ಅಂಕಿ ಅಂದಾಜಿನದ್ದು, ಕೊನೆಯ ಮಾತು ಥರ್ಮಾಮೀಟರಿನದ್ದೇ. ಮೊದಲು ಲಾಕ್ ತಗಡು ಬಿಚ್ಚಿ, ಮುಗಿದ ಮೇಲೆ ಮತ್ತೆ ಹಾಕಿ. ಥರ್ಮೋಸ್ಟಾಟ್ ಟಕ್ ಎಂದರೂ ಕೋಣೆ ಇಳಿಯುತ್ತಲೇ ಇದ್ದರೆ ಕಾಯಿಲ್‌ಗೆ ಗ್ಯಾಸ್ ಬಿಡುವ ಲಿಕ್ವಿಡ್ ಲೈನಿನ ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವ ಕವಾಟ) ಮುಚ್ಚುತ್ತಿಲ್ಲ. ಕಸ ಸಿಕ್ಕಿರುತ್ತದೆ, ಅದು ಮೆಕ್ಯಾನಿಕ್ ಕೆಲಸ.

ಅದೇ ಕೋಣೆಗೆ ಟೊಮೆಟೊ ಕ್ರೇಟ್ ಅಥವಾ ಶ್ರೀನಿವಾಸಪುರದ ಮಾವಿನಕಾಯಿ ತುಂಬುವುದಾದರೆ 2 ಡಿಗ್ರಿ ಸರಿಯಲ್ಲ. 10 ಡಿಗ್ರಿಗಿಂತ ಕೆಳಗೆ ಟೊಮೆಟೊ ಬಣ್ಣ ಕಟ್ಟುವುದಿಲ್ಲ, ಮಾವಿನ ಸಿಪ್ಪೆ ಕಪ್ಪಗಾಗುತ್ತದೆ. ಹೂವು, ತರಕಾರಿ ಎರಡಕ್ಕೂ ಹೊಂದುವ ಒಂದು ಸೆಟ್ಟಿಂಗ್ ಇಲ್ಲ. ಔಷಧಿ ಅಂಗಡಿಯ ಇನ್ಸುಲಿನ್, ಪಶು ಲಸಿಕೆಗಳಿಗೆ 2ರಿಂದ 8ರ ನಡುವೆ, ಅಂದರೆ 5ಕ್ಕೆ ಗುರಿಯಿಡಬೇಕು. ಒಂದು ಸಲ ಗಡ್ಡೆ ಕಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು, ಎಸೆಯಬೇಕು.

ಮುಟ್ಟಬಾರದ್ದು, ಕರೆಸಬೇಕಾದ್ದು

ತಂಪು ಪಾನೀಯದ ಕಂಪನಿ ಕೊಟ್ಟಿರುವ ಕೂಲರಿನ ಸೆಟ್ಟಿಂಗ್ ಲಾಕ್ ಆಗಿರುತ್ತದೆ. ಅದು ಅವರ ಆಸ್ತಿ, ಬಿಚ್ಚಿದರೆ ಮಾತು ಬರುತ್ತದೆ. ಬದಿಯ ಸ್ಟಿಕ್ಕರಿನ ನಂಬರಿಗೆ ಫೋನ್ ಮಾಡಿ. ನಿಮ್ಮದೇ ಫ್ರಿಜ್ ಆದರೂ ಹಿಂದಿನ ತಗಡಿನ ಚೀಟಿ ಓದಿ. ಆರ್290 ಅಥವಾ ಆರ್600ಎ ಎಂದಿದ್ದರೆ ಒಳಗಿನ ಗ್ಯಾಸ್ ಹತ್ತಿ ಉರಿಯುವಂಥದ್ದು. ಕಾಂಟ್ಯಾಕ್ಟ್ ಕಡಿಯುವಾಗ ಕಿಡಿ ಹಾರಿಸುವ ಯಾವುದೋ ಥರ್ಮೋಸ್ಟಾಟನ್ನು ಅಲ್ಲಿ ಜೋಡಿಸಕೂಡದು, ಆ ಗ್ಯಾಸಿಗೆ ಒಪ್ಪುವುದನ್ನೇ ಹಾಕಿಸಬೇಕು.

ಕಾಯಿಲ್ ಐಸ್ ಹಿಡಿದಿದ್ದರೆ ಸೆಟ್ಟಿಂಗ್ ಬದಲಿಸುವ ಮುಂಚೆ ಅದನ್ನು ಪೂರ್ತಿ ಕರಗಿಸಿ, ಇಲ್ಲದಿದ್ದರೆ ಯಾವ ಅಳತೆಯೂ ನಿಜವಲ್ಲ. ಮಾಲನ್ನು ಬೇರೆಡೆ ಇಟ್ಟು, ಪ್ಲಗ್ ಕಿತ್ತು, ಬಾಗಿಲು ತೆರೆದು, ಒಳಗೊಂದು ಬಕೆಟ್ ಬಿಸಿನೀರು ಇಡಿ. ಹೊರಗಿನಿಂದ ಟೇಬಲ್ ಫ್ಯಾನ್ ಬಿಟ್ಟರೆ ಇನ್ನೂ ಬೇಗ. ಸ್ಕ್ರೂಡ್ರೈವರ್, ಚಾಕು ಮುಟ್ಟಿಸಬೇಡಿ, ಅಲ್ಯೂಮಿನಿಯಂ ಕಾಯಿಲ್ ತೂತಾದರೆ ರಿಪೇರಿ ದುಬಾರಿ. ಬ್ಲೋ ಲ್ಯಾಂಪ್ ಅಂತೂ ಬೇಡವೇ ಬೇಡ.

ಕರಗಿಸಿ ಎಲ್ಲ ಸರಿಮಾಡಿದ ಮೇಲೂ ಕಾಯಿಲ್‌ನ ಒಂದು ತುದಿಯಲ್ಲಿ ಮಾತ್ರ ದಪ್ಪ ಐಸ್ ಕಟ್ಟಿ ಇನ್ನೊಂದು ತುದಿ ಒಣಗಿದಂತಿದ್ದರೆ, ಕಂಪ್ರೆಸರ್ ನಿಲ್ಲದೆ ಓಡುತ್ತಿದ್ದರೆ, ಅದು ಗ್ಯಾಸ್ ಕಡಿಮೆಯಾದ ಲಕ್ಷಣ. ಉಳಿದ ಗ್ಯಾಸ್ ಕಾಯಿಲ್‌ನ ಮೊದಲ ಸುತ್ತುಗಳಲ್ಲೇ ಆವಿಯಾಗಿ ಅಲ್ಲಿ ಅತಿ ತಂಪು, ಮುಂದಕ್ಕೆ ಏನೂ ಇಲ್ಲ, ಸೆನ್ಸರ್ ಇರುವ ಕಡೆ ಬಿಸಿ. ಮೆಕ್ಯಾನಿಕ್‌ನನ್ನು ಕರೆಸಿ. ಬಂದವರ ಕೈಗೆ ಎರಡು ಹೊತ್ತಿನ ಅಳತೆ ಬರೆದ ಚೀಟಿ ಕೊಡಿ, ಐಸ್ ಯಾವ ತುದಿಯಲ್ಲಿ ಕಟ್ಟುತ್ತದೆ ಎಂದು ತೋರಿಸಿ, ಲೀಕ್ ಹುಡುಕಿ ಮುಚ್ಚದೆ ಬರೀ ಗ್ಯಾಸ್ ತುಂಬಲು ಬಿಡಬೇಡಿ.